ಅನಸೂಯಾಬಾಯಿಯ ಹಸಿ ನೆಲ

"ಆ ಹಸಿ ನೆಲ ಒಣಗಿಸಬ್ಯಾಡ್ರಿ ಬಾಯಾರ, ಶಾಪ ಐತಿ," ಎಂದಳು ಬಾಣಂತನಕ್ಕೆ ಬರುವ ಮೈಲವ್ವ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತ.

ಪ್ರಿಯಂವದಾ ನಕ್ಕಳು. ರಾಣೆಬೆನ್ನೂರಿನ ಈ ಹಳೆಯ ಮನೆ ಕೊಂಡಾಗಿನಿಂದ ಅಂಗಳದ ಹುಲ್ಲುಹಾಸು ಬೇಸಿಗೆಯಲ್ಲೂ ಪಿಚಪಿಚ ಅನ್ನುತ್ತಿತ್ತು. ಬೇರು ಕೊಳೆತ ಹುಳಿ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು. ಮಗಳು ಅಂಬೆಗಾಲಿಡುವ ಹೊತ್ತಿಗೆ ಅಲ್ಲಿ ಒಣ ಹಸಿರು ಬೇಕು. ಅಷ್ಟೇ ಅವಳ ಆಸೆ.

"ಎರಿ ಮಣ್ಣು ನೀರು ಹಿಡೀತದ ಮೈಲವ್ವ. ಅದಕ್ಕ ಶಾಪ ಯಾಕ ಬೇಕು?"

"ಹಿಂದಿನ ಮನಿ ಒಡತಿ ಅನಸೂಯಾಬಾಯಾರು ಹೆರಿಗಿ ಆದಕೂಡ್ಲೆ ಕೂಸಿನ ಮಾಸು ಗಡಿಗ್ಯಾಗ ಇಟ್ಟು ಅಲ್ಲೇ ಹುಗದಿದ್ರು. ಬಾಣಂತಿ ಜಳಕದ ನೀರು ಅದರ ಮ್ಯಾಲ ಹರೀಬೇಕ್ರಿ, ಇಲ್ಲಂದ್ರ ಎದಿ ಬತ್ತತೈತಿ. ನೆಗೆಣ್ಣಿ, ಮೈದುನನ ಹೆಂಡ್ತಿ, ಹೊಟ್ಟಿಕಿಚ್ಚಿಗೆ ಮಾಟ ಮಾಡಿಸಿ ಬಚ್ಚಲ ನೀರಿನ ದಾರಿ ಕಟ್ಟಿದ್ಲು. ಹಾಲು ಹೋತು, ಕೂಸೂ ಹೋತು. ಈ ನೆಲ ಒಣಗಿಸಿದಾಕಿ ಎದಿ ಒಣಗಲಿ ಅಂತ ಶಾಪ ಹಾಕಿ, ಸಾಯೋತನಕ ಬಾಯಾರು ದಿನಾ ನೀರು ಸುರುವ್ಯಾರ. ನಿಮ್ಮ ಕೂಸಿಂದು ಎಲ್ಲಿ ಹುಗದೀರಿ?"

"ದವಾಖಾನಿಯವರು ಹಳದಿ ಚೀಲದಾಗ ಒಯ್ದರು. ನನಗೇನು ಕಡಿಮಿ ಆಗೇದ?"

ಮೈಲವ್ವ ಕೂಸಿನ ಕಿವಿ ಮುಚ್ಚಿದಳು.

ಕೆಲಸದವರು ಬಂದು ಕಾಲುವೆ ತೋಡಿ, ತೂತಿನ ಪೈಪಿಟ್ಟು, ಜಲ್ಲಿ ಸುರಿದು, ಬೀದಿ ಗಟಾರದ ಕಡೆಗೆ ಇಳಿಜಾರು ಕೊಟ್ಟರು. ಅಗೆಯುವಾಗ ಸಲಿಕೆ ತಾಗಿ ಸಣ್ಣ ಗಡಿಗೆಯೊಂದು ಒಡೆದಿತ್ತು. ಒಳಗೆ ಕಪ್ಪು ಮಣ್ಣು, ಕೂಸಿನ ಒಂದು ಕರಿಮಣಿ ಬಳೆ.

"ಗಟಾರಕ್ಕ ಒಗೀರಿ," ಎಂದಿದ್ದಳು ಪ್ರಿಯಂವದಾ.

ನೆಲ ಒಣಗಿತು. ಅದರ ಜೊತೆಗೆ ಅವಳ ಎದೆಯೂ. ಸಬ್ಬಸಿಗೆ, ಬೆಳ್ಳುಳ್ಳಿ, ಡಾಕ್ಟರ ಗುಳಿಗೆ, ಯಾವುದೂ ನಾಟಲಿಲ್ಲ. ಬಾಟಲಿ ಹಾಲು ಬಾಯಿಗಿಟ್ಟರೆ ಮಗಳು ಕಾರಿಕೊಳ್ಳುತ್ತಿದ್ದಳು. ನೆತ್ತಿ ಗುಳಿಬಿತ್ತು. ಅಳು ಸಣ್ಣಗಾಗುತ್ತ ಬರಿಯ ಉಸಿರಾಯಿತು.

ಅಂದು ಮುಸ್ಸಂಜೆ ಕರೆಂಟು ಹೋಯಿತು. ಮಳೆಯಿಲ್ಲದಿದ್ದರೂ ಗಟಾರದ ಕಡೆಯಿಂದ ತೊಟ್ಟಿಕ್ಕುವ ಸದ್ದು. ಗಾಳಿಯಲ್ಲಿ ಲೋಬಾನ, ಎಣ್ಣೆ, ಬೆಳ್ಳುಳ್ಳಿ. ಬಾಣಂತಿ ಕೋಣೆಯ ವಾಸನೆ. ಪ್ರಿಯಂವದಾ ಗಟಾರದ ಬಳಿ ಬಗ್ಗಿ ಪೈಪಿನ ಬಾಯಿಗೆ ಅಂಗೈ ಒಡ್ಡಿದಳು. ಬೆಚ್ಚಗಿತ್ತು. ಬೆಳ್ಳಗಿತ್ತು. ನಾಲಗೆಗೆ ಹಚ್ಚಿದಳು. ಸಿಹಿ. ಅವಳದೇ ಹಾಲು.

ಪೈಪಿನೊಳಗೆ ಏನೋ ಚೀಪುತ್ತಿತ್ತು. ಚಪ್. ಚಪ್. ಹಸಿದ, ಹಲ್ಲಿಲ್ಲದ ಬಾಯಿ.

ಅವಳು ಅಂಗಳಕ್ಕೆ ಓಡಿದಳು. ಜಲ್ಲಿ ಕೆದರಿದಳು. ಉಗುರು ಕಿತ್ತವು. ಪೈಪು ಎಳೆದು ಬಿಸಾಡಿದಳು. ಗಟಾರದ ಕೆಸರಿನಲ್ಲಿ ಮೊಣಕೈವರೆಗೂ ತಡಕಾಡಿದಳು. ಸಿಕ್ಕಿತು, ಕರಿಮಣಿ ಬಳೆ. ಮೊದಲಿದ್ದ ಜಾಗದಲ್ಲೇ ಹುಗಿದಳು. ಕೊಡಗಟ್ಟಲೆ ನೀರು ಸುರಿದಳು.

"ತಪ್ಪಾತು, ತಾಯಿ. ನನ್ನ ಕೂಸನ್ನ ಬಿಡು."

ಬೇಲಿಯಾಚೆ ನಿಂತಿದ್ದ ಮೈಲವ್ವ ಮೆಲ್ಲಗೆ ಹೇಳಿದಳು, "ತಾಯಿನ್ನ ಬೇಡಬ್ಯಾಡ್ರಿ ಬಾಯಾರ. ಹಸದಿದ್ದು ಕೂಸು. ಅದನ್ನ ಕರೀರಿ."

ಪ್ರಿಯಂವದಾ ಕೆಸರಿನಲ್ಲೇ ಕುಳಿತು ಸೆರಗು ಸರಿಸಿದಳು. ತೊಡೆಯ ಮೇಲೆ ತಣ್ಣನೆಯ ಭಾರವೊಂದು ಬಂದು ಕೂತಿತು.

ಮಗಳು ಬದುಕಿದಳು, ಎಡ ಮೊಲೆಯ ಹಾಲಿನಲ್ಲಿ. ಬಲಗಡೆಯದು ಅವಳಿಗೆ ಎಂದೂ ಸಿಗಲಿಲ್ಲ. ಈಗ ಮಗಳು ಅನ್ನ ಉಣ್ಣುತ್ತಾಳೆ, ಮಾತಾಡುತ್ತಾಳೆ. ಎಡಗಡೆ ಬತ್ತಿ ಎಷ್ಟೋ ಕಾಲವಾಯಿತು. ಬಲಗಡೆ ಇನ್ನೂ ಸಂಜೆಯಾದರೆ ತುಂಬಿ ಬಿಗಿಯುತ್ತದೆ. ಪ್ರಿಯಂವದಾ ಹಸಿ ಹುಲ್ಲಿಗೆ ಹೋಗಿ ಕೂರುತ್ತಾಳೆ.

ಮಗಳು ಹೊಸ್ತಿಲಲ್ಲಿ ನಿಂತು, ಅಮ್ಮನ ಖಾಲಿ ತೊಡೆಯನ್ನು ನೋಡುತ್ತ ಹೇಳುತ್ತಾಳೆ:

"ಇಳಿ. ಈಗ ನನ್ನ ಪಾಳಿ."

ಭಾರ ಇಳಿಯುವುದಿಲ್ಲ.