ಹದಿನಾಲ್ಕನೇ ಮಂಚದ ಜ್ವರ

ಸತ್ತವನ ಮೈ ಬಿಸಿ ಗುರುವಾರ ಬೆಳಿಗ್ಗೆ ತೊಂಬತ್ತೇಳೂವರೆ ಡಿಗ್ರಿ ಇತ್ತು! ಪಟ್ಟಿಯಲ್ಲಿ ಹಾಗೇ ಬರೆದಿತ್ತು.

ಲೊರೇನ್ ಪಿಕೆಟ್ ಕನ್ನಡಕ ಒರೆಸಿ ಮತ್ತೆ ನೋಡಿದಳು. ಕೊರೋನಾ ಬಂದ ಮೇಲೆ ಅಮೆರಿಕದ ಆ ಜಿಲ್ಲಾ ಜೈಲಿನ ಮೇಲೆ ಕಣ್ಣಿಡಲು ಕೋರ್ಟು ನೇಮಿಸಿದ್ದ ಅಧಿಕಾರಿ ಅವಳು. ಕೈದಿಗಳ ಜ್ವರ ನೋಡಿ ದಿನಾ ಪಟ್ಟಿ ಕಳಿಸಬೇಕೆಂದು ನ್ಯಾಯಾಧೀಶೆ ಬ್ಯಾರೋ ಆದೇಶಿಸಿದ್ದರು. ಹದಿನಾಲ್ಕನೇ ಮಂಚದ ಆಂಟ್ವಾನ್ ರಿಗ್ಸ್ ಮಂಗಳವಾರವೇ ತೀರಿಕೊಂಡಿದ್ದ. ಅವನ ಮರಣ ಪ್ರಮಾಣಪತ್ರ ಪಕ್ಕದಲ್ಲೇ ಬಿದ್ದಿತ್ತು.

ಕೈದಿಗಳನ್ನು ಬಿಡಬೇಕೇ ಎಂದು ಎರಡು ಗಂಟೆಗೆ ವಿಚಾರಣೆ. ಯಾರಿಗೂ ಜ್ವರವಿಲ್ಲವೆನ್ನುವ ಈ ಪಟ್ಟಿ ನಿಜವೆಂದಾದರೆ ಉಳಿದ ಮೂವತ್ತೊಂಬತ್ತು ಜನ ಅದೇ ಕೊಠಡಿಯಲ್ಲಿ ಕೊಳೆಯಬೇಕು.

*

"ಸಹಿ ನಿಮ್ಮದೇ ತಾನೇ?" ಲೊರೇನ್ ಪಟ್ಟಿ ಮುಂದಿಟ್ಟಳು.

"ನಂದೇ," ಎಂದಳು ಜೈಲಿನ ನರ್ಸ್ ಜೋಡಿ ಕ್ರಾಲಿ. "ಖಾಲಿ ಹಾಳೆ ಮೇಲೆ ಹಾಕಿಸ್ಕೊಂಡ್ರು. ನಾಲ್ಕು ಜೈಲಿಗೆ ನಾನೊಬ್ಳೇ ಮೇಡಂ."

"ನಂಬಬೇಕಾ?"

"ನಾನು ಬರೆದಿದ್ರೆ ಹೆಸರಿರ್ತಿತ್ತು. ಇಲ್ಲಿ ಬರೀ ಮಂಚದ ನಂಬರ್ರು. ಜ್ವರ ಮಂಚಕ್ಕೆ ಬರುತ್ತಾ?"

*

"ಓಹೋ, ಕೋರ್ಟಿನವರು! ನರ್ಸಮ್ಮನ ತಪ್ಪಿಗೆ ನಮ್ಮನ್ನ ಹಿಡ್ಕೊಂಡ್ರಾ?" ಕಾವಲಿನ ಸಾರ್ಜೆಂಟ್ ಡ್ವೈಟ್ ಹಾಲ್ಸ್ಟೆಡ್ ಕೈದಿಗಳ ಕೊಠಡಿಯ ಹೊರಗೆ ನಿಂತು ನಕ್ಕ.

ಬಾಗಿಲಲ್ಲಿ ಊಟ ಕೊಡುವ ಕಿಂಡಿಯಿಂದ ಕೆಮ್ಮು ಕೇಳಿಸಿತು. ಹದಿನೈದನೇ ಮಂಚದ ಮುದುಕ ಕ್ಲೀಟಸ್ ವಾರ್ಡ್.

"ಜ್ವರದ ಕಡ್ಡಿ ಹೆಂಗಿರುತ್ತೆ ಅಂತಾನೇ ಮರ್ತೋಗಿದೆ ಅಮ್ಮಾ. ಸಾರ್ಜೆಂಟು ಗಾಜಿನಾಚೆ ನಿಂತು ಎಣಿಸ್ಕೊಂಡು ಹೋಗ್ತಾರೆ."

ಲೊರೇನ್ ಸಾರ್ಜೆಂಟ್ ಕಡೆ ತಿರುಗಿದಳು. "ನರ್ಸ್ ಮನುಷ್ಯನ್ನ ನೋಡ್ತಾಳೆ. ತಲೆ ಎಣಿಸೋರು ಮಂಚ ನೋಡ್ತಾರೆ. ಒಳಗೆ ಕಾಲಿಡದೆ ಹಿಂದಿನ ಪಟ್ಟೀನೇ ನಕಲು ಮಾಡಿದ್ರಿ. ಅದಕ್ಕೇ ಖಾಲಿ ಮಂಚಕ್ಕೂ ಮೈ ಬಿಸಿ ಬಂತು."

ಹಾಲ್ಸ್ಟೆಡ್ ಮುಖ ಕೆಂಪಾಯಿತು.

"ಒಳಗೆ ಹೋಗಿ ನಾನೂ ಸಾಯ್ಬೇಕಿತ್ತಾ? ಐದು ವಾರದಿಂದ ಅದೇ ಅಂಕಿ ಕಳಿಸ್ತಿದೀನಿ. ನಿಮ್ಮಲ್ಲಿ ಒಬ್ರಾದ್ರೂ ಓದಿದ್ರಾ?"

ಲೊರೇನ್ ಕೈಲಿದ್ದ ಕಡತ ತಿರುವಿದಳು. ಪ್ರತಿ ಹಾಳೆಯ ಮೇಲೂ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ, ಕೆಳಗೆ ಅವಳದೇ ಕೈಬರಹ. ಕಾಫಿ ಕುಡಿಯುತ್ತಾ ಒತ್ತಿದ್ದಳು. ನಾಚಿಕೆಯಿಂದ ಅವಳ ಕಿವಿ ಸುಡತೊಡಗಿತು.

*

"ಸುಳ್ಳು ಬರೆದದ್ದು ಸಾರ್ಜೆಂಟ್ ಹಾಲ್ಸ್ಟೆಡ್," ಎಂದಳು ಲೊರೇನ್ ಎರಡು ಗಂಟೆಗೆ, ವೀಡಿಯೊ ವಿಚಾರಣೆಯ ಪರದೆಯ ಮುಂದೆ. "ಓದದೆ ಮುದ್ರೆ ಒತ್ತಿದ್ದು ನಾನು. ಆದೇಶದಲ್ಲಿ ನನ್ನ ಹೆಸರೂ ಇರಲಿ."

ನ್ಯಾಯಾಧೀಶೆ ಪೆನ್ನು ಕೈಗೆತ್ತಿಕೊಂಡರು. "ನಾನೂ ಓದಲಿಲ್ಲ ಲೊರೇನ್."

ಸಂಜೆಯೊಳಗೆ ಎಲ್ಲರಿಗೂ ಪರೀಕ್ಷೆ. ವಯಸ್ಸಾದವರು, ಉಬ್ಬಸದವರು ಇವತ್ತೇ ಮನೆಗೆ. ಆದೇಶ ಮುಗಿಯಿತು.

"ಏನಾದರೂ ಹೇಳೋದಿದೆಯಾ ವಾರ್ಡ್ ಅವರೇ?" ನ್ಯಾಯಾಧೀಶೆ ಕೇಳಿದರು.

ಜೈಲಿನಿಂದ ಹಾಜರಾಗಿದ್ದ ಮುದುಕ ಪರದೆಯ ಹತ್ತಿರ ಬಂದ.

"ರಿಗ್ಸ್ ಕೊನೇತನಕ ನನಗೆ ಸಮಾಧಾನ ಹೇಳ್ತಿದ್ದ. ದಿನಾ ಕೋರ್ಟಿಗೆ ಪಟ್ಟಿ ಹೋಗುತ್ತೆ ತಾತ, ಅಲ್ಲಿ ಯಾರೋ ನಮ್ಮನ್ನ ನೋಡ್ತಾ ಇರ್ತಾರೆ ಅಂತ."

ಲೊರೇನ್ ತಲೆ ಎತ್ತಲಿಲ್ಲ.