ಸಿ ಕಾಲಮ್ಮಿನವರು

ಅವಳಿಗೆ ಗಂಡನಿದ್ದಾನೆ ಎಂದು ನನಗೆ ಗೊತ್ತಾದದ್ದು ಒಂದು ಶರ್ಟಿನಿಂದ.

ಬೆಳಗಿನ ಆರು ಗಂಟೆಯ ವಿಡಿಯೋ ಕಾಲ್. ಅವಳ ಹಿಂದೆ ಒಂದು ಮರದ ಕುರ್ಚಿ, ಅದರ ಬೆನ್ನಿಗೆ ನೀಲಿ ಗೆರೆಯ ಗಂಡಸರ ಶರ್ಟು, ತೋಳು ಮೊಣಕೈವರೆಗೆ ಮಡಚಿದ್ದು. ಈಗಷ್ಟೇ ಯಾರೋ ಬಿಚ್ಚಿಟ್ಟು ಸ್ನಾನಕ್ಕೆ ಹೋದ ಹಾಗಿತ್ತು. ಅಷ್ಟರಲ್ಲಾಗಲೇ, ಪರಿಚಯವಾದ ಎರಡನೇ ವಾರಕ್ಕೇ, ಅವಳು ಕೂದಲನ್ನು ಪೆನ್ಸಿಲ್ಲಿಗೆ ಸುತ್ತಿ ಸಿಕ್ಕಿಸಿಕೊಳ್ಳುವ ರೀತಿಗೆ ನಾನು ಮರುಳಾಗಿದ್ದೆ. ಸರಿ, ಮುಗಿಯಿತಪ್ಪ ಎಂದುಕೊಂಡು ಪುಸ್ತಕ ತೆರೆದೆ.

ನಾನು ಶಾಂಪೂ ಕಾರ್ಖಾನೆಯಲ್ಲಿ ಬಾಟಲಿ ತುಂಬಿಸುವ ಲೈನಿನ ಇಂಜಿನಿಯರು. ಇನ್ನೂರು ಎಂಎಲ್ ತುಂಬಬೇಕಾದ ಕಡೆ ಒಂದು ಬಾಟಲಿಗೆ ನೂರ ತೊಂಬತ್ತಾರು, ಇನ್ನೊಂದಕ್ಕೆ ಇನ್ನೂರ ನಾಲ್ಕು. ಯಾಕೆ ಹೀಗೆ ಎಂದು ಮ್ಯಾನೇಜರ್ ಕೇಳಿದಾಗ ನಾನು ತಲೆ ಕೆರೆದುಕೊಂಡೆ. ಮಾರನೇ ದಿನವೇ ನನ್ನನ್ನು ಆನ್‌ಲೈನ್ ಇಂಜಿನಿಯರಿಂಗ್ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿಗೆ ಸೇರಿಸಿದರು. ವಾರಕ್ಕೆ ಮೂರು ರೆಕಾರ್ಡ್ ಮಾಡಿದ ಪಾಠ, ಒಂದು ಟೆಸ್ಟು, ಕೊನೆಗೆ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟು. ಜೋಡಿ ಮಾಡಿದ್ದು ಕಂಪ್ಯೂಟರು. ಹನ್ನೆರಡು ವರ್ಷ ಪುಸ್ತಕ ಮುಟ್ಟದವನಿಗೆ ಅದು ಸಿಕ್ಕಿಸಿದ್ದು ತರಗತಿಯಲ್ಲೇ ಹೆಚ್ಚು ಅಂಕ ತೆಗೆಯುವವಳನ್ನು.

ಅವಳಿದ್ದದ್ದು ನನ್ನ ಊರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಉಕ್ಕಿನ ಪಿನ್ನು ಮಾಡುವ ಕಾರ್ಖಾನೆಯ ಅಳತೆ ಲ್ಯಾಬಿನಲ್ಲಿ ಕೆಲಸ. ಕೂದಲೆಳೆಯನ್ನು ಎಪ್ಪತ್ತು ಭಾಗ ಮಾಡಿದರೆ ಒಂದು ಭಾಗ ಎಷ್ಟೋ ಅಷ್ಟು ವ್ಯತ್ಯಾಸವಿದ್ದರೂ ಬಿಡುವುದಿಲ್ಲವೆಂದು ಅಲ್ಲಿಯವರು ಅವಳನ್ನು ಮೈಕ್ರಾನ್ ಎನ್ನುತ್ತಿದ್ದರು. ನನಗೆ ಅವಳಿಟ್ಟ ಹೆಸರು ಶಾಂಪೂ.

"ನಿಮ್ಮ ಲೈನಿನ ಸರಾಸರಿ ಇನ್ನೂರೇ ಇದೆಯಲ್ಲ ಶಾಂಪೂ, ಮತ್ತೇನು ತೊಂದ್ರೆ?"

"ಸರಾಸರಿ ತಗೊಂಡು ತಲೆಗೆ ಹಚ್ಕೊಳ್ಳೋಕಾಗುತ್ತಾ? ನೂರ ತೊಂಬತ್ತಾರು ಸಿಕ್ಕಿದವರು ಬಂದು ನನ್ನ ಜುಟ್ಟು ಹಿಡೀತಾರೆ."

ನಗು ಬಂದರೆ ಅವಳು ತುಟಿ ಕಚ್ಚಿ ಪರದೆಯ ಎಡಗಡೆ ಕೆಳಮೂಲೆಗೆ ನೋಡುತ್ತಿದ್ದಳು. ಮೊದಮೊದಲು ಇವಳೇನು ನೆಲ ನೋಡುತ್ತಾಳೆ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ಅವಳ ಪರದೆಯಲ್ಲಿ ಆ ಮೂಲೆಯಲ್ಲಿ ಇರುವುದು ನನ್ನ ಮುಖ. ವಿಡಿಯೋ ಕಾಲಿನಲ್ಲಿ ನಮ್ಮನ್ನೇ ನೋಡುವವರು ಬೇರೆಲ್ಲೋ ನೋಡುತ್ತಿರುವಂತೆ ಕಾಣುತ್ತಾರೆ. ಅಂದಿನಿಂದ ಅವಳು ದಿನಕ್ಕೆ ಎಷ್ಟು ಸಲ ಕೆಳಗೆ ನೋಡಿದಳೆಂದು ಎಣಿಸುವ ಚಾಳಿ ಹತ್ತಿತು. ಮದುವೆಯಾದ ಹೆಂಗಸಿನ ನೋಟ ಎಣಿಸುವುದು ತಪ್ಪು ಅಂತ ಗೊತ್ತಿತ್ತು. ಆದರೂ ಎಣಿಸುತ್ತಿದ್ದೆ.

ಪ್ರಾಜೆಕ್ಟಿಗೆ ಅವಳ ಲ್ಯಾಬಿನ ಕೆಲಸವನ್ನೇ ತೆಗೆದುಕೊಂಡೆವು. ಹತ್ತು ಪಿನ್ನು, ಅವುಗಳ ದಪ್ಪ ಅಳೆಯಲು ಒಂದೇ ಮೈಕ್ರೋಮೀಟರ್. ಮೂರು ಜನ ಪ್ರತಿ ಪಿನ್ನನ್ನೂ ಮೂರು ಮೂರು ಸಲ ಅಳೆಯಬೇಕು. ಅಳತೆಯಲ್ಲಿ ಬರುವ ವ್ಯತ್ಯಾಸದಲ್ಲಿ ಪಿನ್ನಿನದೆಷ್ಟು, ಉಪಕರಣದ್ದೆಷ್ಟು, ಅಳೆಯುವ ಕೈಯದೆಷ್ಟು ಎಂದು ಲೆಕ್ಕ ಹಾಕುವುದು. ಎ ಎಂಬ ಕಾಲಮ್ಮು ಅವಳದು. ಬಿ ಅವಳ ಕಾರ್ಖಾನೆಯ ಸ್ಟೋರ್ ಕೀಪರನದು.

"ಸಿ ಯಾರು?" ಕೇಳಿದೆ.

"ನಮ್ಮನೆಯವರು. ಅದೇ ಲ್ಯಾಬು." ಆಮೇಲೆ ತಾನೇ ಸೇರಿಸಿದಳು, "ಅವರ ಅಳತೆ ಯಾವಾಗ್ಲೂ ಎರಡು ಮೈಕ್ರಾನ್ ಕಮ್ಮಿ ಬರುತ್ತೆ. ಮೈಕ್ರೋಮೀಟರ್ ತುದೀಲಿ ರ್‍ಯಾಚೆಟ್ ಅಂತ ಇರುತ್ತೆ. ಸಾಕು, ಇನ್ನು ಒತ್ತಬೇಡ ಅಂತ ಟಿಕ್ ಟಿಕ್ ಅನ್ನುತ್ತೆ. ಅವರು ಅದನ್ನ ಮುಟ್ಟೋದೇ ಇಲ್ಲ. ನನ್ನ ಬೆರಳಿಗೆ ಗೊತ್ತು ಅಂತಾರೆ. ಒತ್ತಿಬಿಡ್ತಾರೆ."

ಹೇಳುವಾಗ ಅವಳ ಮುಖ ಅರಳಿತ್ತು. ಆ ಬೆರಳುಗಳ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ಸಿ ಕಾಲಮ್ಮು ತೆರೆದಿಟ್ಟುಕೊಂಡು ಕೂತರೆ ಆ ಮನುಷ್ಯ ಕಣ್ಣಿಗೆ ಕಟ್ಟುತ್ತಿದ್ದ. ಒರಟು ಕೈ, ಅವಸರ, ಯಾರ ಮಾತೂ ಕೇಳದ ಹಟ. ಹೀಗಿದ್ದರೂ ಅವಳು ಅವನನ್ನು ಅಷ್ಟು ಪ್ರೀತಿಸುತ್ತಿದ್ದಳು.

ಅಕ್ಕನ ಮನೆಯಲ್ಲೇ ನನ್ನ ವಾಸ. ಅವಳಿಗೆ ನಾನು ಏನನ್ನೂ ಮುಚ್ಚಿಡುವ ಹಾಗಿಲ್ಲ.

"ಯಾರದೋ ಗಂಡನ ಬೆರಳಿನ ಬಗ್ಗೆ ಹಗಲೂ ರಾತ್ರಿ ಯೋಚನೆ ಮಾಡೋ ಗಂಡಸು ನೀನೊಬ್ಬನೇ ಕಣೋ," ಅಂದಳು ಅಕ್ಕ. ಭಾವ ಪೇಪರ್ ಹಿಂದೆ ನಕ್ಕರು.

ಈ ಕೋರ್ಸು ಅವಳಿಗೆ ಎಷ್ಟು ಮುಖ್ಯವೆಂದು ಒಂದು ಬೆಳಿಗ್ಗೆ ತಾನಾಗಿಯೇ ಹೇಳಿದಳು. ಲ್ಯಾಬಿನ ಮುಖ್ಯಸ್ಥರ ಜಾಗ ಎರಡು ವರ್ಷದಿಂದ ಖಾಲಿ. ಈ ಸಲವೇ ಸರ್ಟಿಫಿಕೇಟ್ ಬಂದರೆ ಅವಳಿಗೆ. ಇಲ್ಲದಿದ್ದರೆ ಹೊರಗಿನಿಂದ ಯಾರನ್ನೋ ತರುತ್ತಾರೆ, ಅವಳನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತಾರೆ.

"ಆ ರೂಮ್ ಬಿಟ್ಟು ನಾನು ಹೋಗಲ್ಲ ರೀ," ಅಂದಳು. ಕೆಲಸದ ಮೇಲಿನ ಪ್ರೀತಿ ಎಂದುಕೊಂಡೆ.

ಪ್ರಾಜೆಕ್ಟ್ ಕಳಿಸಲು ಒಂದು ವಾರ ಉಳಿದಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಗ್ರಾಫು ಹಾಕುತ್ತಿದ್ದೆ. ಎ ಕಾಲಮ್ಮಿನಲ್ಲಿ ಒಂದು ಅಭ್ಯಾಸ ಕಾಣುತ್ತಿತ್ತು. ಅವಳ ಎರಡನೇ ಅಳತೆ ಮೊದಲನೆಯದಕ್ಕಿಂತ ಒಂದು ಮೈಕ್ರಾನ್ ಏರುತ್ತಿತ್ತು, ಮೂರನೆಯದು ಮತ್ತೆ ಇಳಿಯುತ್ತಿತ್ತು. ಹೆಚ್ಚುಕಮ್ಮಿ ಎಲ್ಲ ಪಿನ್ನಿಗೂ ಹಾಗೆಯೇ. ಸ್ಟೋರ್ ಕೀಪರನದು ಲಂಗುಲಗಾಮಿಲ್ಲದೆ ಹಾರುತ್ತಿತ್ತು. ಸಿ ಕಾಲಮ್ಮನ್ನು ಅವಳದರ ಪಕ್ಕಕ್ಕೆ ತಂದೆ. ಎರಡು ಮೈಕ್ರಾನ್ ಕೆಳಗೆ, ಅದೇ ಏರು, ಅದೇ ಇಳಿತ.

ನನ್ನ ಕಾಫಿ ಆರಿತು. ಒತ್ತಿ ಹಿಡಿಯುವುದನ್ನು ಯಾರು ಬೇಕಾದರೂ ಅನುಕರಿಸಬಹುದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸಿ ಕಾಲಮ್ಮನ್ನು ಅಳೆದದ್ದು ಅವಳ ಕೈಯೇ.

ಗಂಡನಿಗೆ ಪುರುಸೊತ್ತಿರಲಿಲ್ಲ, ತಾನೇ ತುಂಬಿಸಿದ್ದಾಳೆ ಎಂದುಕೊಂಡೆ. ಆದರೆ ವರದಿಯ ಕೊನೆಯಲ್ಲಿ, ಇಲ್ಲಿ ಹೇಳಿದವರೇ ಅಳೆದಿದ್ದಾರೆ ಎಂದು ಇಬ್ಬರೂ ಸಹಿ ಹಾಕಬೇಕಿತ್ತು. ಸುಮ್ಮನಿದ್ದರೆ ಸುಳ್ಳಿಗೆ ನನ್ನ ಸಹಿ, ಕೇಳಿದರೆ ಅವಳ ಮುಂದೆ ನಾನು ಪೊಲೀಸು. ಹಾಳು ಮನಸ್ಸು, ಮಾರನೇ ದಿನ ಕೇಳಿಯೇ ಬಿಟ್ಟಿತು.

"ಸಿ ಕಾಲಮ್ ನೀವೇ ಅಳೆದಿದ್ದಾ?"

ಅವಳು ಅಲುಗಲಿಲ್ಲ. ಕೆಳಮೂಲೆಯಲ್ಲಿದ್ದ ಕಣ್ಣು ಎದ್ದು ನೇರ ಕ್ಯಾಮೆರಾಕ್ಕೆ ನೆಟ್ಟಿತು. ನೋಡುವವರಿಗೆ ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಬೇಕು. ನನಗೆ ಗೊತ್ತಿತ್ತು, ನನ್ನನ್ನು ನೋಡುವುದನ್ನು ಅವಳು ಬಿಟ್ಟಳು.

"ಅವರ ಕೈಯೇ ಹಾಗೆ," ಅಂದಳು.

"ಅದು ನಿಮ್ಮ ಕೈ. ಬೇಕಿದ್ರೆ ಅವರನ್ನೇ ಕರೀರಿ, ನಾನು ಕೇಳ್ತೀನಿ. ಹತ್ತು ಪಿನ್ ಅಳೆಯೋಕೆ ಎಷ್ಟು ಹೊತ್ತು?"

ಅವಳು ತಿರುಗಿ ಕುರ್ಚಿಯ ಕಡೆ ನೋಡಿದಳು. ಅಲ್ಲಿ ಕೂತವರನ್ನು, ಏನು ಹೇಳ್ತೀರಿ ಎಂದು ಕೇಳುವ ಹಾಗೆ, ಬಹಳ ಹೊತ್ತು ನೋಡಿದಳು. ಆ ಶರ್ಟಿನ ತೋಳಿನ ಮಡಿಕೆ ಇಷ್ಟು ತಿಂಗಳಲ್ಲಿ ಒಮ್ಮೆಯೂ ಬದಲಾಗಿಲ್ಲವೆಂದು ಆಗ ನನಗೆ ಗೊತ್ತಾಯಿತು. ಅವಳು ಕಾಲ್ ಕಟ್ ಮಾಡಿದಳು.

ಎರಡು ದಿನ ಮೆಸೇಜಿಗೂ ಉತ್ತರವಿಲ್ಲ. ಮೂರನೇ ದಿನ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು.

"ನೀನೇನಪ್ಪಾ ಶಾಂಪೂ?" ವಯಸ್ಸಾದ ಹೆಂಗಸಿನ ದನಿ. "ನಾನು ಅವಳ ಅತ್ತೆ. ಅವಳ ಫೋನಲ್ಲಿ ಈ ಹೆಸರು ನೋಡಿ ಮೊದಲು ಯಾರೋ ಅಂಗಡಿಯೋನು ಅಂದ್ಕೊಂಡಿದ್ದೆ."

"ನಮಸ್ಕಾರ ಅಮ್ಮಾ. ಅವರು ಹುಷಾರಾಗಿದಾರಾ?"

"ನನ್ನ ಮಗ ಹೋಗಿ ಎರಡು ವರ್ಷ ಆಯ್ತು," ಅಂದರು ಅವರು, ನಾನು ಕೇಳಿದ್ದಕ್ಕೆ ಅದೇ ಉತ್ತರವೆಂಬಂತೆ. "ಬೆಳಿಗ್ಗೆ ಕೆಲಸಕ್ಕೆ ಹೊರಟೋನು ಎದೆ ಹಿಡ್ಕೊಂಡು ಗೇಟಿನ ಹತ್ರನೇ ಕೂತ. ಅಷ್ಟೇ."

ಕಾರ್ಖಾನೆಯ ಗದ್ದಲದಿಂದ ದೂರ ಬಂದು ಮೆಟ್ಟಿಲ ಮೇಲೆ ಕೂತೆ.

"ಅವಳು ಸಂಜೆ ಬಂದರೆ ಬಾಗಿಲು ಅವನ ಥರನೇ ತಟ್ಟುತ್ತಾಳಪ್ಪ. ಎರಡು ಸಲ, ತಡೆದು ಇನ್ನೊಂದು ಸಲ. ಇವತ್ತಿಗೂ ಆ ಸದ್ದಿಗೆ ನನ್ನ ಜೀವ ಝಲ್ ಅನ್ನುತ್ತೆ. ಆ ಶರ್ಟು ವಾರಕ್ಕೊಂದು ಸಲ ಒಗೀತಾಳೆ, ಹಾಗೇ ತೋಳು ಮಡಚಿ ಅಲ್ಲೇ ಹಾಕ್ತಾಳೆ. ಅವಳಿಗೆ ಬೇಕಾಗಿರುತ್ತೆ ಅಂತ ನಾನು ಬಾಯಿ ಬಿಡಲಿಲ್ಲ. ಮೊನ್ನೆ ನೀನು ಅದೇನೋ ಕೇಳಿದೆಯಂತೆ, ಬಂದು ಅತ್ತಳು. ಸಾಕು ಬಿಡೇ ಇದೆಲ್ಲ ಅಂದ್ರೆ, ನಿಮಗೆ ಬೇಕಾಗಿರುತ್ತೆ ಅಂತ ಮಾಡ್ತಿದ್ದೆ ಅತ್ತೆ ಅಂತಾಳೆ." ಅವರು ಉಸಿರು ತೆಗೆದುಕೊಂಡರು. "ಇಬ್ಬರೂ ಸೇರಿ ಅವನನ್ನ ಹೋಗೋಕೇ ಬಿಟ್ಟಿಲ್ಲ ನೋಡು."

ಮೆಟ್ಟಿಲಿಳಿದು ಯಾರೋ ಬಂದರು, ಸರಿದು ದಾರಿ ಬಿಟ್ಟೆ.

"ನಿನ್ನ ಜೊತೆ ಪಾಠ ಇದ್ದ ದಿನ ನಗ್ತಾಳೆ," ಅಂದರು. "ಆ ನಗು ಮಾತ್ರ ಅವಳದೇ. ಅದಕ್ಕೇ ಫೋನ್ ಮಾಡಿದೆ."

ಮಾರನೇ ದಿನ ಅವಳ ಮೆಸೇಜು ಬಂತು. 'ಕೋರ್ಸಿನವರಿಗೆ ನಿಜ ಬರೆದಿದ್ದೀನಿ. ತಪ್ಪು ನನ್ನೊಬ್ಬಳದೇ ಅಂತಲೂ ಬರೆದಿದ್ದೀನಿ. ಕ್ಷಮಿಸಿ.' ಅವರ ಉತ್ತರ ಇಬ್ಬರಿಗೂ ಒಟ್ಟಿಗೆ ಬಂತು. ನಿಜವಾದ ಮೂರನೇ ವ್ಯಕ್ತಿಯಿಂದ ಅಳೆಸಿ ಮುಂದಿನ ಸಲ ಕಳಿಸಿ, ಸರ್ಟಿಫಿಕೇಟು ಆಮೇಲೆ. ನನ್ನ ಮ್ಯಾನೇಜರ್ ಒಂದು ದಿನ ಕೂಗಾಡಿ ಸುಮ್ಮನಾದರು. ಅವಳಿಗೆ ಆ ಜಾಗ ಕೈತಪ್ಪಿತು, ಲ್ಯಾಬೂ ಹೋಯಿತು. ತಿಂಗಳ ಕೊನೆಗೆ ಪ್ಯಾಕಿಂಗಿಗೆ ವರ್ಗ.

ಹತ್ತು ಸಲ ಬರೆದು ಅಳಿಸಿ ಕೊನೆಗೆ ಕಳಿಸಿದೆ. 'ಮೂರನೆಯವನಾಗಿ ನಾನು ಬರಬಹುದಾ?'

ಒಂದು ದಿನ ಪೂರ್ತಿ ಕಾಯಿಸಿದಳು. 'ಕೈ ಚೆನ್ನಾಗಿ ತೊಳ್ಕೊಂಡು ಬನ್ನಿ. ಶಾಂಪೂ ಅಂಟಿದ್ರೆ ಪಿನ್ನಿಗೆ ಒಳ್ಳೇದಲ್ಲ.'

ಲ್ಯಾಬೆಂದರೆ ಎರಡು ಬಾಗಿಲು ದಾಟಿ ಹೋಗುವ ತಣ್ಣನೆಯ ಸಣ್ಣ ಕೋಣೆ. ಏಸಿಯ ಗುಂಯ್ ಸದ್ದು, ಕಪ್ಪು ಕಲ್ಲಿನ ಮೇಜು, ಅದರ ಮೇಲೆ ಬಟ್ಟೆ ಹಾಸಿ ಸಾಲಾಗಿಟ್ಟ ಹತ್ತು ಪಿನ್ನು. ಪರದೆಯಲ್ಲಿ ಕಂಡದ್ದಕ್ಕಿಂತ ಅವಳು ಎತ್ತರವಿದ್ದಳು. ಎದುರಿಗೆ ನಿಂತಾಗ ಅವಳಿಗೆ ಎಲ್ಲಿ ನೋಡಬೇಕೆಂದೇ ಗೊತ್ತಾಗಲಿಲ್ಲ. ನನ್ನ ಗಲ್ಲ, ಅಂಗಿಯ ಗುಂಡಿ, ಕೊನೆಗೆ ಅಭ್ಯಾಸಬಲದಿಂದ ಎಡಗಡೆಯ ನೆಲ.

"ನಾನು ಇಲ್ಲಿದೀನಿ," ಅಂದೆ.

ಅವಳು ತುಟಿ ಕಚ್ಚಿದಳು. ಕಿವಿ ಕೆಂಪಾಗಿತ್ತು.

ಪಿನ್ನನ್ನು ಹೇಗೆ ಹಿಡಿಯಬೇಕು, ರ್‍ಯಾಚೆಟ್ ಎಷ್ಟು ತಿರುಗಿಸಬೇಕು ಎಂದು ತೋರಿಸಿಕೊಟ್ಟಳು. ಅವಳ ಬೆರಳು ನನ್ನ ಬೆರಳನ್ನು ಸರಿಪಡಿಸಿ ಒಂದು ಗಳಿಗೆ ಅಲ್ಲೇ ನಿಂತಿತು. ಟಿಕ್ ಟಿಕ್ ಎಂದಿತು. ಮೊದಲ ಅಳತೆ ಹೇಳಬೇಕು ಅನ್ನುವಷ್ಟರಲ್ಲಿ ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಅಂದಳು, "ಒಂದು ಕೇಳ್ಲಾ? ಒಂದೇ ಒಂದು ಸಲ ರ್‍ಯಾಚೆಟ್ ಬಿಟ್ಟು, ಅವರ ಹಾಗೆ ಒತ್ತಿ ತಿರುಗಿಸ್ತೀರಾ? ನಾಡಿದ್ದು ಈ ರೂಮ್ ಬಿಡ್ತೀನಿ. ನನ್ನ ಕೈಯಲ್ಲಿ ಮಾಡಿದ್ರೆ ನನ್ನದೇ ಅಂತ ನೀವು ಕಂಡುಹಿಡಿದುಬಿಟ್ರಿ. ಇನ್ನೊಬ್ಬರ ಕೈಯಲ್ಲಿ ನೋಡ್ಬೇಕು."

ಅವಳ ಕಣ್ಣು ನನ್ನ ಕೈಯ ಮೇಲಿತ್ತು. ಆ ಕೈ ನನ್ನದಾಗಿ ಅವಳಿಗೆ ಕಾಣುತ್ತಿರಲಿಲ್ಲ. ಆ ಚಳಿ ಕೋಣೆಯಲ್ಲಿ ನಮ್ಮ ನಡುವೆ ಇನ್ನೊಬ್ಬರು ನಿಂತಿದ್ದರೆಂದು ಆಣೆ ಮಾಡಿ ಹೇಳಬಲ್ಲೆ. ನಾನು ಒತ್ತಿ ತಿರುಗಿಸಿದರೆ ಸಾಕಿತ್ತು. ಅವಳು ಅತ್ತು ನನ್ನ ಭುಜಕ್ಕೆ ಒರಗುತ್ತಿದ್ದಳು. ಒರಗುತ್ತಿದ್ದದ್ದು ಯಾರ ಭುಜಕ್ಕೆ ಎಂಬುದು ಮಾತ್ರ ನನಗೆ ಜೀವಮಾನ ಪೂರ್ತಿ ಗೊತ್ತಾಗುತ್ತಿರಲಿಲ್ಲ.

ಮೈಕ್ರೋಮೀಟರನ್ನು ಬಟ್ಟೆಯ ಮೇಲಿಟ್ಟೆ.

"ಬೇಡ," ಅಂದೆ. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಆ ಶರ್ಟ್ ನೋಡೋಕೆ ಮುಂಚಿನಿಂದಲೂ. ನಿಮ್ಮ ಯಜಮಾನರ ಮೇಲೆ ಹೊಟ್ಟೆಕಿಚ್ಚು ಪಟ್ಟಿದೀನಿ, ಈಗ ಅವರಿಲ್ಲ ಅಂತ ಗೊತ್ತಾದ ಮೇಲೆ ಇನ್ನೂ ಜಾಸ್ತಿ ಪಡ್ತಿದೀನಿ. ಆದರೆ ಅವರ ಥರ ಒತ್ತೋಕೆ ನನ್ನ ಕೈಲಿ ಆಗಲ್ಲ. ಇವತ್ತು ಮಾಡಿಕೊಟ್ಟರೆ ನಾಳೆಯಿಂದ ನೀವು ನನ್ನನ್ನ ನೋಡೋದೇ ಇಲ್ಲ."

ಏಸಿ ಗುಂಯ್ ಎನ್ನುತ್ತಿತ್ತು. ಅವಳು ಮೇಜಿನ ಅಂಚು ಹಿಡಿದು ತಲೆ ತಗ್ಗಿಸಿ ನಿಂತಳು. ಕಲ್ಲಿನ ಮೇಲೆ ಒಂದು ಹನಿ ಬಿತ್ತು. ಅದನ್ನು ತಕ್ಷಣ ಬಟ್ಟೆಯಿಂದ ಒರೆಸಿದಳು, ಲ್ಯಾಬಿನವಳಲ್ಲವೇ. ಈಗ ಹೊರಗೆ ಹೋಗಿ ಅನ್ನುತ್ತಾಳೆ ಎಂದುಕೊಂಡೆ. ವಾಪಸ್ ಬಸ್ಸು ಎಷ್ಟೊತ್ತಿಗೆ ಎಂದೂ ಯೋಚಿಸಿದೆ.

"ಅವರು ಇನ್ನು ಬರಲ್ಲ ಅಲ್ವಾ," ಅಂದಳು. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಆಮೇಲೆ ಹಾಳೆ ಎಳೆದುಕೊಂಡಳು. ಸಿ ಎಂದಿದ್ದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಒಂದು ಗೆರೆ ಎಳೆದಳು. ಆ ಹೆಸರಿನ ಕೆಳಗೆ ಇನ್ನು ಯಾರೂ ಏನೂ ಬರೆಯುವ ಹಾಗಿರಲಿಲ್ಲ. ಪಕ್ಕದಲ್ಲಿ ಹೊಸ ಕಾಲಮ್ಮು ಹಾಕಿ ಡಿ ಎಂದು ಬರೆದಳು.

"ನಿಮ್ಮದು ಇದು," ಅಂದಳು. "ರ್‍ಯಾಚೆಟ್ ಹಿಡಿದೇ ತಿರುಗಿಸಿ."

ಮೊದಲನೇ ಪಿನ್ನು ಎತ್ತಿಕೊಂಡೆ. ಅವಳು ಪೆನ್ಸಿಲ್ ಹಿಡಿದು ಪಕ್ಕಕ್ಕೆ ಬಂದು, ಈ ಸಲ ನೆಲವನ್ನೂ ಬಿಟ್ಟು ಕೈಯನ್ನೂ ಬಿಟ್ಟು, ನನ್ನ ಮುಖ ನೋಡಿದಳು.

"ನಡುಗ್ತಿದೀರ."

"ಗೊತ್ತು. ಹಾಗೇ ಬರ್ಕೊಳ್ಳಿ."

ಅವಳು ಬರೆದುಕೊಂಡಳು.