ಖಾಲಿ ಕೂತ ಸರ್ವರ್, ತುಂಬಿದ ಲೈನ್

೨೦೦೫ರ ಜೂನ್ ಹದಿನಾಲ್ಕರ ಬೆಳಿಗ್ಗೆ ಸುಮಂಗಲಾ ಎಂಬುವರು ಅಮೀರ್‌ಪೇಟ್‌ನ ಠಾಣೆಗೆ ಬಂದು ದೂರು ಕೊಟ್ಟರು. ಅವರದು ರಕ್ತದಾನಿಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಡುವ ಸಂಸ್ಥೆ. ನಾಲ್ಕು ದಿನದಿಂದ ವೆಬ್‌ಸೈಟ್ ತೆರೆಯುತ್ತಿಲ್ಲ, ರೋಗಿಗಳ ಕಡೆಯವರು ಗೋಳಾಡುತ್ತಿದ್ದಾರೆ, ಹೊರಗಿನವರ ಕೈವಾಡವಿರಬೇಕು ಎಂದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಅಮರೇಶಪ್ಪ ಮಾನ್ವಿ ಕಡೆಯವರು. ಕಂಪ್ಯೂಟರ್ ಜ್ಞಾನ ಅಷ್ಟಕ್ಕಷ್ಟೇ. ಆದರೆ ತಿಳಿಯದ್ದನ್ನು ಕೆದಕದೆ ಬಿಡುವ ಆಸಾಮಿಯಲ್ಲ. ಕಾನ್‌ಸ್ಟೇಬಲ್ ತಾಯಪ್ಪನ ಜೊತೆ ಸಂಸ್ಥೆಯ ಸರ್ವರ್ ಕೋಣೆಗೆ ಹೋದರು.

"ಪರದೆ ಮ್ಯಾಲಿನ ಈ ಗೆರಿ ಏನ್ರಿ?" ಅಮರೇಶಪ್ಪ ವಿಚಾರಿಸಿದರು.

"ಸಿಪಿಯು ರೀ. ಸರ್ವರಿಗೆ ಎಷ್ಟು ಕೆಲಸ ಬಿದ್ದೈತಿ ಅಂತ ತೋರಸ್ತೈತಿ. ನಾವು ದಿನಾ ನೋಡೋದು ಇದೊಂದ. ವೆಬ್‌ಸೈಟ್ ನಿಂತದ್ದು ಭಾರಕ್ಕ ಇರಬೇಕಂತ ಮತ್ತೆರಡು ಸರ್ವರ್ ತಂದ್ವಿ," ಎಂದರು ಸುಮಂಗಲಾ.

"ಅಯ್ಯ, ಗೆರಿ ತಳಕ್ಕ ಬಿದ್ದೈತಿ, ಸರ್ವರ್ ಎಲ್ಲಾ ಖಾಲಿ ಕುಂತಾವಲ್ರಿ!" ಎಂದ ತಾಯಪ್ಪ.

ಅಮರೇಶಪ್ಪನವರ ಕುತೂಹಲ ಕೆರಳಿತು. ಅವರಿಗೆ ತಾವು ಚಹಾ ಕುಡಿಯುವ ಇರಾನಿ ಹೋಟೆಲ್ಲು ನೆನಪಾಯಿತು. ಒಳಗೆ ಅಡುಗೆಯವರು ಕೈಕಟ್ಟಿ ಕೂತಿದ್ದು ಹೊರಗೆ ಗಿರಾಕಿಗಳು ಕೂಗಾಡುತ್ತಿದ್ದರೆ, ನಡುವಿನ ಬಾಗಿಲಲ್ಲಿ ಯಾರೋ ಅಡ್ಡ ನಿಂತಿರಬೇಕು.

"ಬಾಗಲಾ ಯಾರು ಹಿಡದಾರ, ಅದನ್ನ ತೋರಸ್ರಿ."

ಸುಮಂಗಲಾ ನೆಟ್‌ವರ್ಕಿನ ಲೆಕ್ಕ ತೆರೆದರು. ಸರ್ವರಿನಿಂದ ಮಾಹಿತಿ ಹೊರಗೆ ಸಾಗುವ ಲೈನ್ ತುಂಬಿ ತುಳುಕುತ್ತಿತ್ತು. ದಾನಿಗಳ ಇಡೀ ಮಾಹಿತಿ ಮತ್ತೆ ಮತ್ತೆ ಅದೇ ಆಫೀಸಿನ ಒಂದು ಮೇಜಿಗೆ ಹೋಗುತ್ತಿತ್ತು. ಅದು ಸರ್ವರ್ ನೋಡಿಕೊಳ್ಳುವ ಮಹೇಶಕುಮಾರನ ಮೇಜು. ತಾಯಪ್ಪ ಕೇಬಲ್ ಕಿತ್ತು, ಪಂಚರ ಮುಂದೆ ಪಂಚನಾಮೆ ಬರೆದು ಕಂಪ್ಯೂಟರ್ ವಶಪಡಿಸಿಕೊಂಡ.

"ಎಲ್ಲಾನೂ ಯಾಕ ಎಳಕೊಂಡ್ರಿ?" ಅಮರೇಶಪ್ಪ ಮಹೇಶಕುಮಾರನನ್ನು ಕೇಳಿದರು.

"ಸರ್ವರಿನಾಗ ಹುಡುಕಿದ್ರ ಸಿಪಿಯು ಗೆರಿ ಏರಿ ಸಿಕ್ಕಬೀಳ್ತಿದ್ದೆ ರೀ. ಲೈನ್ ಯಾರೂ ನೋಡಾಂಗಿಲ್ಲ. ಅದಕ್ಕ ಎಲ್ಲಾ ತಂದು ನನ್ನ ಕಂಪ್ಯೂಟರಿನಾಗ ಸೋಸ್ತಿದ್ದೆ."

"ಯಾರಿಗೆ ಮಾರಾಕ?"

"ಮಾರಾಕಲ್ರಿ! ನನ್ನ ಮಗಳು ರಶ್ಮಿ ಸಿಕಂದರಾಬಾದಿನ ಆಸ್ಪತ್ರ್ಯಾಗ ಅದಾಳ. ಆಪರೇಶನ್‌ಗೆ ಬಾಂಬೆ ಗುಂಪಿನ ರಕ್ತ ಬೇಕು, ಭಾಳ ಅಪರೂಪದ್ದು. ಅಂಥಾ ದಾನಿ ಹೆಸರು ಹಾಕಿದ ಕೂಡ್ಲೆ, ಬ್ಯಾರೆಯವರಿಗಿಂತ ಮೊದಲ ನನಗ ಗೊತ್ತಾಗಬೇಕಿತ್ತು."

ಅಮರೇಶಪ್ಪನವರಿಗೆ ಸಂಕಟವಾಯಿತು. ಆದರೂ ದಸ್ತಗಿರಿ ತಪ್ಪುವಂತಿರಲಿಲ್ಲ.

ಮಧ್ಯಾಹ್ನ ಸುಮಂಗಲಾ ಠಾಣೆಗೆ ಓಡಿ ಬಂದರು. ಕೇಬಲ್ ಕಿತ್ತ ಮೇಲೆ ವೆಬ್‌ಸೈಟ್ ತೆರೆದುಕೊಂಡು, ಬಾಲಾನಗರದ ಸಂಗಣ್ಣ ಎಂಬುವರ ಹೆಸರು ದಾಖಲಾಗಿತ್ತು. ಬಾಂಬೆ ಗುಂಪು. ಸುಮಂಗಲಾ ಫೋನ್ ಮಾಡಿದ ಮೇಲೆ ಅವರು ಆಗಲೇ ರಶ್ಮಿಯ ಆಸ್ಪತ್ರೆಗೆ ಹೊರಟಿದ್ದರು.

ಮಹೇಶಕುಮಾರ ಲಾಕಪ್ಪಿನ ಸರಳು ಹಿಡಿದು ಎದ್ದು ನಿಂತ. "ಇವತ್ತ ಹೆಸರು ಹಾಕಿದ್ರೇನ್ರಿ?"

ಸುಮಂಗಲಾ ಅಮರೇಶಪ್ಪನವರ ಕಿವಿಯಲ್ಲಿ ವಿಷಯ ಉಸುರಿದರು. ಅಮರೇಶಪ್ಪನವರೇ ಹೇಳಬೇಕಾಯಿತು.

"ನಾಕು ದಿನದಿಂದ ಹಾಕಾಕ ನೋಡಾಕತ್ತಿದ್ದರಂತಪ್ಪ. ಲೈನ್ ಸಿಕ್ಕಿರಲಿಲ್ಲಂತ."